ಎಲೆ ನೋಡಿ ಬಡಿಸಿದವನು

ಹೊಳೆ ದಂಡೆಯಲ್ಲಿ ಒಂದು ಮಠ. ಮಠವೆಂದ ಕೂಡಲೇ ಆನೆ, ಅಂಬಾರಿ ಎಂದೆಲ್ಲ ನೆನೆಸಿಕೊಳ್ಳಬೇಡಿ. ಮಣ್ಣಿನ ಗೋಡೆ, ಉದ್ದನೆಯ ಒಂದು ಪಡಸಾಲೆ, ಹಿಂದೆ ಒಲೆ, ಮುಂದೆ ಹೊಳೆ. ಆಸ್ತಿ ಎಂದು ಹೇಳಿಕೊಳ್ಳಲು ಒಂದು ದೊಡ್ಡ ಹಂಡೆ ಇತ್ತು.

ಬಂದವರು ಹಸಿದು ಹೋಗಬಾರದು. ಅಲ್ಲಿಯ ಶಾಸ್ತ್ರವೆಲ್ಲ ಇಷ್ಟೇ.

ಮಠದ ಹಿರಿಯರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಎಪ್ಪತ್ತು ದಾಟಿತ್ತು, ಮೊಣಕಾಲು ಕೈಕೊಟ್ಟಿತ್ತು. ಬಾಗಿಲ ಪಕ್ಕದ ಕಟ್ಟೆ ಬಿಟ್ಟು ಹೆಚ್ಚು ಕದಲುತ್ತಿರಲಿಲ್ಲ. ಪಂಕ್ತಿಯಲ್ಲಿ ಕೊನೆಯವರು ಉಂಡು ಎದ್ದ ಮೇಲೆಯೇ ಅವರು ಎಲೆಗೆ ಕೂಡುವುದು. ಅದು ನೇಮ.

ಬಡಿಸುವವನು ಶಿಷ್ಯ ಗದಿಗೆಯ್ಯ. ಮಠಕ್ಕೆ ಬಂದು ಏಳು ವರ್ಷವಾಗಿತ್ತು.

ಗದಿಗೆಯ್ಯನಿಗೂ ಒಂದು ನೇಮವಿತ್ತು. ಬಡಿಸುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಣ್ಣು ಎಲೆಯ ಮೇಲೆ, ಕೈ ಸೌಟಿನ ಮೇಲೆ. ಊರ ಗೌಡನಿಗೂ ಅದೇ ಸೌಟು, ಗೌಡನ ದನ ಕಾಯುವವನಿಗೂ ಅದೇ ಸೌಟು. ಎಲೆಗೆ ಕೈ ಅಡ್ಡ ಬಂದರೆ ಸಾಕು ಎಂದರ್ಥ, ಮುಂದಕ್ಕೆ ನಡೆಯುತ್ತಿದ್ದ. ಬರದಿದ್ದರೆ ಇನ್ನೊಂದು ಸೌಟು.

ಜನ ಮೆಚ್ಚಿಕೊಂಡಿದ್ದರು. "ಬಡಿಸಾಂವ ನಮ್ಮಾಂವ ಆದ್ರ ಕಡೀ ಪಂಕ್ತಿ ಆದ್ರೇನು ಅಂತಾರಲ್ಲ, ಆ ಗಾದಿ ಈ ಮಠದಾಗ ನಡಿಯೂದಿಲ್ಲ ನೋಡ್ರಿ" ಎನ್ನುತ್ತಿದ್ದರು.

ಆ ಮಾತು ಕಿವಿಗೆ ಬಿದ್ದಾಗೆಲ್ಲ ಗದಿಗೆಯ್ಯ ಇನ್ನಷ್ಟು ತಲೆ ತಗ್ಗಿಸುತ್ತಿದ್ದ. ವಿನಯ ಎಂದು ಜನ ತಿಳಿಯುತ್ತಿದ್ದರು. ಒಳಗೆ ಹಿಗ್ಗುತ್ತಿದ್ದದ್ದು ಅವನಿಗೊಬ್ಬನಿಗೇ ಗೊತ್ತು.

ದಿನವೂ ಪಂಕ್ತಿ ಎದ್ದ ಮೇಲೆ, ತಮ್ಮ ಎಲೆಯ ಮುಂದೆ ಕೂತು ಅಜ್ಜಾರು ಒಂದು ಪ್ರಶ್ನೆ ಕೇಳುತ್ತಿದ್ದರು.

"ಇವತ್ತು ಯಾರ್ಯಾರು ಉಂಡ್ರು?"

"ನಲವತ್ತು ಎಲಿ ಬಿದ್ದುವ್ರಿ ಅಜ್ಜಾರ."

"ಎಲಿ ಕೇಳಲಿಲ್ಲಪಾ. ಯಾರು ಉಂಡ್ರು ಅಂತ ಕೇಳಿದೆ."

"ಎಲ್ಲಾರೂ ಉಂಡ್ರಿ."

ಅಜ್ಜಾರು ಸುಮ್ಮನೆ ತುತ್ತು ಎತ್ತುತ್ತಿದ್ದರು. ಮರುದಿನ ಮತ್ತೆ ಅದೇ ಪ್ರಶ್ನೆ. ಮುದುಕರಿಗೆ ಮರೆವು ಜಾಸ್ತಿ ಎಂದುಕೊಂಡು ಗದಿಗೆಯ್ಯನೂ ಅದೇ ಉತ್ತರ ಕೊಡುತ್ತಿದ್ದ.

ಒಂದು ದಿನ ತಡೆಯಲಾಗಲಿಲ್ಲ.

"ಅಜ್ಜಾರ, ನಾನು ಯಾರ ಮುಖಾನೂ ನೋಡಾಂಗಿಲ್ಲ. ನಿಮಗ ಗೊತ್ತೈತಿ. ಮತ್ತ ದಿನಾ ಯಾಕ ಕೇಳ್ತೀರಿ?"

"ಯಾಕ ನೋಡಾಂಗಿಲ್ಲ?"

"ಮುಖ ನೋಡಿ ಮಣಿ ಹಾಕಬಾರದಂತ."

"ಅದು ಗಾದಿ ಆತು. ನಿನ್ನ ಮಾತು ಹೇಳು."

ಗದಿಗೆಯ್ಯ ಬಹಳ ಹೊತ್ತು ಸೌಟನ್ನು ಒರೆಸುತ್ತ ನಿಂತ. ಆಮೇಲೆ ಹೇಳಿದ.

"ನನಗ ಎಂಟು ವರ್ಷ ಇತ್ರಿ. ಅವ್ವ ಒಂದು ಮದುವಿಗೆ ಕರಕೊಂಡು ಹೋಗಿದ್ಲು. ಹೋಳಿಗಿ ಬಡಿಸಾಂವ ಸಾಲಿನಾಗ ಬಂದ. ನಮ್ಮ ಮುಂದ ನಿಂತು ಅವ್ವನ ಮುಖ ನೋಡಿದ, ತ್ಯಾಪಿ ಹಚ್ಚಿದ ಸೀರಿ ನೋಡಿದ. ಅರ್ಧ ಹೋಳಿಗಿ ಹಾಕಿ ದಾಟಿದ. ನಮ್ಮ ಬಾಜೂಕ ಕುಂತ ಸಾಹುಕಾರಗ ನಾಕು ಹೋಳಿಗಿ, ಮ್ಯಾಲ ತುಪ್ಪ. ಅವ್ವ ಎಲಿಗೆ ಕೈ ಅಡ್ಡ ಹಿಡದು 'ಸಾಕ್ರಿ' ಅಂದ್ಲು. ಅಂವ ತಿರುಗಿ ನೋಡಲೇ ಇಲ್ಲ. ಅವತ್ತ ಆಣಿ ಮಾಡಿದ್ನಿರಿ. ನಾ ಬಡಿಸಿದ್ರ ಮುಖ ನೋಡಿ ಬಡಿಸಾಂಗಿಲ್ಲ ಅಂತ."

ಅಷ್ಟು ವರ್ಷವಾದರೂ ಆ ಅರ್ಧ ಹೋಳಿಗೆ ಕರಗಿರಲಿಲ್ಲ.

ಅಜ್ಜಾರು ಕೇಳಿದರು. "ಆ ಬಡಿಸಿದವನ ಕಣ್ಣು ಇನ್ನೂ ನೆನಪೈತೇನು?"

"ಸಾಯೂ ತನಕಾ ಮರಿಯಾಂಗಿಲ್ರಿ."

"ನಿನ್ನ ಕಣ್ಣು ಯಾರಿಗೆ ನೆನಪಿರತೈತಿ?"

ಗದಿಗೆಯ್ಯ ಒರೆಸಿದ ಸೌಟನ್ನೇ ಮತ್ತೆ ಒರೆಸತೊಡಗಿದ.

"ನೆಗಡಿ ಬಂತಂತ ಮೂಗು ಕೊಯ್ಕೊಂಡಾಂವ ನೀನು" ಎಂದು ಅಜ್ಜಾರು ನಕ್ಕು, ಮಜ್ಜಿಗೆ ಕುಡಿದು ಎದ್ದರು.

ಗದಿಗೆಯ್ಯನಿಗೆ ಸಿಟ್ಟು ಬಂತು. ಸಮಾನವಾಗಿ ಬಡಿಸುವುದನ್ನೂ ತಪ್ಪು ಅನ್ನುವ ಗುರುವನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಮರುದಿನ ಇನ್ನೂ ಬಿಗಿಯಾಗಿ ತಲೆ ತಗ್ಗಿಸಿ ಬಡಿಸಿದ.

ಆ ವಾರವೇ ಹೊಳೆ ಬಂತು. ಎಲ್ಲೋ ಮೇಲಿನ ಸೀಮೆಯಲ್ಲಿ ಸುರಿದ ಮಳೆ, ಇಲ್ಲಿ ಕೆಂಪು ನೀರಾಗಿ ದಂಡೆಗೆ ಹತ್ತಿತು. ಅಂಬಿಗರ ದುರಗಪ್ಪ ತನ್ನ ಹರಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿದ. ಆಚೆ ದಡಕ್ಕೆ ಹೋಗಬೇಕಾದವರೆಲ್ಲ ಮಠದಲ್ಲೇ ಉಳಿದರು.

ಪಂಕ್ತಿಯ ಕೊನೆಯಲ್ಲಿ, ಕಂಬದ ಪಕ್ಕ, ಒಂದು ಹೊಸ ಎಲೆ ಬಿತ್ತು. ಆ ಎಲೆಯ ಮುಂದಿನ ಕೈಗೆ ಎರಡು ಹಸಿರು ಬಳೆ. ಹೆಬ್ಬೆರಳ ಮೇಲೆ ಸುಟ್ಟ ಕಲೆ. ಪಕ್ಕದಲ್ಲಿ ಬಟ್ಟೆ ಸುತ್ತಿದ ಒಂದು ಕೂಸು.

ಗದಿಗೆಯ್ಯ ಜೋಳದ ನುಚ್ಚು ಒಂದು ಸೌಟು ಹಾಕಿದ. ಎರಡನೆಯದಕ್ಕೆ ಬಗ್ಗಿದಾಗ ಕೈ ಅಡ್ಡ ಬಂತು. ಮುಂದಕ್ಕೆ ನಡೆದ.

ಎರಡನೆಯ ದಿನವೂ ಒಂದು ಸೌಟು, ಕೈ ಅಡ್ಡ. ಮೂರನೆಯ ದಿನವೂ ಹಾಗೇ. ನಾಲ್ಕನೆಯ ದಿನ ಕೂಸು ಬಹಳ ಅತ್ತಿತು. ಕೈ ಅಡ್ಡ ಬಂದಿತು, ಆದರೆ ಎಂದಿನಂತೆ ಪಟ್ಟನೆ ಬರಲಿಲ್ಲ, ಸ್ವಲ್ಪ ತಡೆದು ಬಂತು. ಗದಿಗೆಯ್ಯನ ಸೌಟೂ ಒಂದು ಗಳಿಗೆ ತಡೆಯಿತು. ನೇಮ ನೇಮವೇ. ಮುಂದಕ್ಕೆ ನಡೆದ.

ಐದನೆಯ ದಿನ ಕಂಬದ ಪಕ್ಕ ಯಾರೂ ಕೂಡಲಿಲ್ಲ.

ಪಂಕ್ತಿ ಎದ್ದಿತು. ಅಜ್ಜಾರಿಗೆ ಎಲೆ ಹಾಕಿ, ಗದಿಗೆಯ್ಯ ಎಂದಿನಂತೆ ಪ್ರಶ್ನೆಗೆ ಕಾದ. ಅಷ್ಟರಲ್ಲಿ ದುರಗಪ್ಪ ಓಡುತ್ತ ಬಂದ.

"ಅಜ್ಜಾರ, ಆ ಬಾಣಂತಿ ಹೆಣ್ಮಗಳು ಮುಂಜಾನೆ ಕೂಸಿನ್ನ ಕಟಗೊಂಡು ಮ್ಯಾಲಿನ ದಾರಿ ಹಿಡದು ಹೋದ್ಲಂತ್ರಿ. ಸೇತುವಿ ದಾಟಿ ಗಂಡನ ಊರಿಗೆ ಹೋಗ್ತೀನಿ ಅಂದ್ಲಂತ. ನಡುವ ಹಳ್ಳ ತುಂಬೈತಿ. ಅಕಿಗೆ ಯಾರರ ಹೇಳಬಾರದ?"

ಅಜ್ಜಾರು ಎಲೆಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು.

"ಯಾರು ಅಕಿ, ಗದಿಗ್ಯಾ?"

"ಕಂಬದ ಬಾಜೂಕ ಕೂಡ್ತಿದ್ಲಿರಿ."

"ಹೆಂಗಿದ್ಲು?"

"ಎರಡು ಹಸಿರು ಬಳಿ. ಬಲಗೈ ಹೆಬ್ಬೆರಳ ಮ್ಯಾಲ ಸುಟ್ಟ ಕಲಿ. ದಿನಾ ಒಂದ ಸೌಟು. ಎರಡನೇದಕ್ಕ ಕೈ ಅಡ್ಡ."

"ಒಂದ ಸೌಟು? ಬಾಣಂತಿ?"

ಹಾಲೂಡುವ ತಾಯಿಗೆ ಎಷ್ಟು ಹಸಿವಿರುತ್ತದೆ ಎಂಬುದು ಒಲೆಯ ಮುಂದೆ ಏಳು ವರ್ಷ ಕಳೆದವನಿಗೆ ಗೊತ್ತಿರಬೇಕಿತ್ತು.

"ಮುಖ ಹೆಂಗಿತ್ತು?"

"ನೋಡಿಲ್ರಿ." ಆಮೇಲೆ ಅವನೇ ಕೇಳಿದ. "ನೀವು ಬಾಗಲದಾಗ ಕೂಡ್ತೀರಿ. ನೀವು ನೋಡಿರಬೇಕಲ್ರಿ?"

"ನಾ ಅಕಿ ದನಿ ಕೇಳೀನಿ. ಸಣ್ಣ ದನಿ" ಎಂದರು ಅಜ್ಜಾರು. "ತಪ್ಪು ನಂದೂ ಐತಿ. ದಿನಾ ನೀ ಎಲಿ ಎಣಿಸಿ ಹೇಳಿದಿ, ನಾ ಕೇಳಿ ಸುಮ್ಮನ ಉಂಡೆ. ಹೋಗು, ಕರಕೊಂಡು ಬಾ."

"ನೀವು ಉಣ್ರಿ, ಅಷ್ಟರಾಗ ನಾ..."

"ಪಂಕ್ತಿ ಇನ್ನೂ ಎದ್ದಿಲ್ಲ."

ಅಜ್ಜಾರು ಖಾಲಿ ಎಲೆಯ ಮುಂದೆ ಹಾಗೆಯೇ ಕೂತರು.

ಗದಿಗೆಯ್ಯ ಓಡಿದ. ಎರಡು ಹರದಾರಿ ದಾರಿ, ಕಪ್ಪು ಮಣ್ಣಿನ ಕೆಸರು. ಕಾಲಿಗೆ ಕೆಸರು ಹತ್ತಿ ಒಂದೊಂದು ಹೆಜ್ಜೆ ಒಂದೊಂದು ಮಣ ತೂಗಿತು. ಆಕೆ ಹಳ್ಳಕ್ಕೆ ಇಳಿದಿದ್ದರೆ? ಕೂಸು? ಆ ಯೋಚನೆ ಬಂದಾಗೆಲ್ಲ ಮತ್ತೆ ಓಡಿದ.

ಹಳ್ಳದ ದಂಡೆಯಲ್ಲಿ ಒಂದು ಹಳೆಯ ಮಂಟಪ. ನೀರು ಇಳಿಯಲೆಂದು ಕಾಯುತ್ತ ಜನ ಅಲ್ಲಿ ಗುಂಪುಗೂಡಿದ್ದರು. ಸಂತೆಯಿಂದ ಮರಳುವ ಹೆಣ್ಣುಮಕ್ಕಳೇ ಹೆಚ್ಚು. ಐದಾರು ಮಂದಿಯ ಮಡಿಲಲ್ಲಿ ಕೂಸು.

ಸದ್ಯ, ಯಾರೂ ಹಳ್ಳಕ್ಕೆ ಇಳಿದಿರಲಿಲ್ಲ. ಗದಿಗೆಯ್ಯ ಉಸಿರು ಬಿಟ್ಟ.

ಇನ್ನು ಹುಡುಕಬೇಕು. ಹೇಗೆ? ಹೆಸರು ಗೊತ್ತಿಲ್ಲ. ಮುಖ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದು ಕೈ.

ತಲೆ ತಗ್ಗಿಸಿ ಒಂದೊಂದೇ ಕೈ ನೋಡುತ್ತ ಹೊರಟ. ಎಲ್ಲರ ಕೈಯಲ್ಲೂ ಹಸಿರು ಬಳೆ. ಕೆಲವರ ಕೈ ಕೂಸಿನ ಕೆಳಗೆ, ಕೆಲವರದು ಸೆರಗಿನೊಳಗೆ. ಒಬ್ಬ ಮುದುಕಿ ರೇಗಿದಳು.

"ಏನ್ ಸ್ವಾಮಿ, ಬಳಿ ಎಣಸಾಕ ಬಂದೀಯೇನು? ಹೆಣ್ಮಕ್ಕಳು ಕುಂತಲ್ಲಿ ಬಗ್ಗಿ ಬಗ್ಗಿ ಏನ್ ನೋಡ್ತಿ?"

ಸುತ್ತಲಿನವರು ನಕ್ಕರು. ಗದಿಗೆಯ್ಯನ ಕಿವಿ ಕಾದವು.

"ಒಬ್ಬ ತಾಯಿನ್ನ ಹುಡಕಾಕ ಬಂದೀನಿ ಅಜ್ಜಿ."

"ಹುಡುಕೂ ಮಂದಿ ಮುಖ ನೋಡ್ತಾರ. ನೆಲಾ ನೋಡಾಂವ ಏನೋ ಕಳಕೊಂಡಿರ್ತಾನ."

ಮುದುಕಿ ಬೈಗುಳವೆಂದೇ ಆಡಿದ ಮಾತು. ಆದರೆ ಗದಿಗೆಯ್ಯ ಅಲ್ಲೇ ನಿಂತುಬಿಟ್ಟ.

ಆಮೇಲೆ ತಲೆ ಎತ್ತಿದ.

ಎತ್ತುವುದು ಅಷ್ಟು ಸುಲಭವಾಗಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಮೊದಲು ಕಂಡದ್ದು ಆ ಮುದುಕಿಯ ಕಣ್ಣು. ಬಾಯಿ ಬೈಯುತ್ತಿತ್ತು, ಕಣ್ಣಿನಲ್ಲಿ ಸಿಟ್ಟೇ ಇರಲಿಲ್ಲ, ಬರೀ ಆಯಾಸವಿತ್ತು. ಪಕ್ಕದವಳ ಕಣ್ಣಿನಲ್ಲಿ ನಗು. ಅದರ ಪಕ್ಕದವಳು ಹಳ್ಳವನ್ನೇ ನೋಡುತ್ತಿದ್ದವಳು, ಇವನ ಕಡೆ ತಿರುಗಿ 'ಏನು?' ಎನ್ನುವಂತೆ ನೋಡಿದಳು. ಯಾರೂ ಅವನನ್ನು ಅಳೆಯಲಿಲ್ಲ. ಅವನೂ ಯಾರನ್ನೂ ಅಳೆಯಲಿಲ್ಲ. ನೋಡಿದರೆ ಇಷ್ಟೇ ಆಗುವುದೇ ಎಂದು ಅವನಿಗೆ ಆಶ್ಚರ್ಯ.

ಮಂಟಪದ ಮೂಲೆಗೆ ಬಂದಾಗ ಎರಡು ಕಣ್ಣುಗಳು ಆಗಲೇ ಅವನನ್ನು ನೋಡುತ್ತಿದ್ದವು. ಇವನು ನೋಡಿದ ಕೂಡಲೇ ಅವು ಕೆಳಗಿಳಿದವು.

ಗದಿಗೆಯ್ಯ ಕೈ ನೋಡಲಿಲ್ಲ. ಬೇಕೆನಿಸಲಿಲ್ಲ.

"ಯವ್ವಾ, ಮಠದಿಂದ ಬಂದೀನಿ. ನಡಿ ಹೋಗೂಣು. ಅಜ್ಜಾರು ಇನ್ನೂ ಉಂಡಿಲ್ಲ."

"ನನಗೇನು ಸಂಬಂಧ್ರಿ? ನಾಕು ದಿವಸ ಉಂಡೀನಿ, ದೊಡ್ಡ ಉಪಕಾರ ಆತು."

ಸಣ್ಣ ದನಿ. ಅಜ್ಜಾರು ಹೇಳಿದ ಹಾಗೆಯೇ.

"ಒಂದ ಸೌಟು ಉಂಡಿ."

"ಸಾಕಂದಿದ್ನೆಲ್ರಿ."

"ಕೈ ಅಂದಿತ್ತು. ಹೊಟ್ಟಿ ಏನಂದಿತ್ತವ್ವಾ?"

ಆಕೆ ಕೂಸಿನ ತಲೆ ನೇವರಿಸಿದಳು. ಹೆಸರು ಫಕೀರವ್ವ. ತವರಿನಲ್ಲಿ ಹೆತ್ತು, ಮೂರು ತಿಂಗಳ ಕೂಸಿನೊಂದಿಗೆ ಗಂಡನ ಊರಿಗೆ ಹೊರಟವಳು. ಅಣ್ಣ ಹೊಳೆಯ ತನಕ ಬಿಟ್ಟು, ಹರಗೋಲು ಹೋದೀತು ಎಂದು ನಂಬಿ ತಿರುಗಿ ಹೋಗಿದ್ದ.

"ಪುಕ್ಕಟೆ ಉಣ್ಣಾಕ ನಾಚಿಕಿ ಬರತಿತ್ರಿ" ಎಂದಳು. "ಕೈ ತಾನ ಅಡ್ಡ ಬರತಿತ್ತು. ಆದ್ರ ದಿನಾ ನಿಮ್ಮ ಮುಖ ನೋಡತಿದ್ದೆ. ಒಮ್ಮಿ ತಲಿ ಎತ್ತಿ 'ಇನ್ನೊಂದೀಟು ಹಾಕಲೇನವ್ವಾ' ಅಂದಿದ್ರ ಕೈ ತಗೀತಿದ್ದೆ. ಹಾಲು ಬರವಲ್ದಾಗಿತ್ರಿ ಕೂಸಿಗೆ."

ಗದಿಗೆಯ್ಯ ಆಕೆಯ ಎದುರು ನೆಲಕ್ಕೆ ಕೂತ.

"ಹಸಿವೇನು ಬಿಡ್ರಿ, ತಡಕೋಬಹುದು. ನಾಕನೇ ದಿವಸ ನನಗ ಏನನಿಸ್ತು ಗೊತ್ತೈತೇನ್ರಿ? ನಾ ಇಲ್ಲಿ ಕುಂತೀನೋ ಇಲ್ಲೋ ಅನಿಸ್ತು. ಎಲಿ ಐತಿ, ನುಚ್ಚು ಐತಿ, ನಾನ ಇಲ್ಲ. ಹೆದರಿಕಿ ಬಂತು. ಎದ್ದು ಹೊಂಟೆ."

ಗದಿಗೆಯ್ಯನ ಕಣ್ಣ ಮುಂದೆ ಅವ್ವನ ಕೈ ಬಂದು ನಿಂತಿತು. ಅವ್ವನೂ ಅಂದು ಎಲೆಗೆ ಕೈ ಅಡ್ಡ ಹಿಡಿದಿದ್ದಳು. ಅವ್ವನೂ ಸಾಕ್ರಿ ಅಂದಿದ್ದಳು. ಆ ಬಡಿಸುವವನು ನೋಡಿ ದಾಟಿದ್ದ, ತಾನು ನೋಡದೆ ದಾಟಿದ್ದ. ದಾಟಿದ್ದಂತೂ ಒಂದೇ.

"ತಪ್ಪಾತು ಯವ್ವಾ" ಎಂದ, ಆಕೆಯ ಕಣ್ಣು ನೋಡಿಯೇ. "ಕೂಸಿನ್ನ ಇತ್ತ ಕೊಡು. ಕೆಸರು ಭಾಳ ಐತಿ."

ಆಕೆ ಒಂದು ಗಳಿಗೆ ಅವನನ್ನು ನೋಡಿದಳು. ಆಮೇಲೆ ಕೂಸನ್ನು ಅವನ ಕೈಗೆ ಕೊಟ್ಟಳು.

ದಾರಿಯುದ್ದಕ್ಕೂ ಕೂಸು ಅವನ ಮುಖವನ್ನೇ ನೋಡಿತು. ಕೂಸುಗಳಿಗೆ ಯಾವ ನೇಮವೂ ಇಲ್ಲ ನೋಡಿ, ಎವೆ ಮುಚ್ಚದೆ ನೋಡುತ್ತವೆ. ಗದಿಗೆಯ್ಯ ಎರಡು ಸಲ ಎಡವಿದರೂ ಕಣ್ಣು ತೆಗೆಯಲಿಲ್ಲ.

ಮಠ ಮುಟ್ಟುವಾಗ ಹೊತ್ತು ಇಳಿದಿತ್ತು. ಅಜ್ಜಾರು ಅದೇ ಎಲೆಯ ಮುಂದೆ ಕೂತಿದ್ದರು. ಎಲೆ ಒಣಗಿ ಅಂಚು ಮುದುರಿತ್ತು.

ಗದಿಗೆಯ್ಯ ನುಚ್ಚು ಬಿಸಿ ಮಾಡಿ ತಂದ. ಕಂಬದ ಪಕ್ಕ ಎಲೆ ಹಾಕಿ ಒಂದು ಸೌಟು ಬಡಿಸಿದ. ಎರಡನೆಯದಕ್ಕೆ ಕೈ ಅಡ್ಡ ಬಂತು. ಗದಿಗೆಯ್ಯ ಮುಂದಕ್ಕೆ ನಡೆಯಲಿಲ್ಲ. ಕೂತು, ಆಕೆಯನ್ನು ನೋಡಿದ.

"ಕೈ ತಗೀಯವ್ವಾ."

ಫಕೀರವ್ವ ನಕ್ಕಳು, ಕಣ್ಣೀರೂ ಬಂತು. ಕೈ ತೆಗೆದಳು. ಮೂರು ಸೌಟು ಉಂಡಳು. ನಾಲ್ಕನೆಯದಕ್ಕೆ ಕೈ ಅಡ್ಡ ಬಂದಾಗ ಕಣ್ಣೂ ಸಾಕು ಎಂದಿತು. ಗದಿಗೆಯ್ಯ ಎದ್ದ.

ಈಗ ಅಜ್ಜಾರ ಎಲೆ. ಒಣಗಿದ್ದನ್ನು ತೆಗೆದು ಹೊಸದು ಹಾಕಿ, ಒಂದು ಸೌಟು ಬಡಿಸಿದ. ಎರಡನೆಯದಕ್ಕೆ ಅಜ್ಜಾರು ಕೈ ಅಡ್ಡ ಹಿಡಿದರು.

ಗದಿಗೆಯ್ಯ ತಲೆ ಎತ್ತಿ ಗುರುವಿನ ಕಣ್ಣು ನೋಡಿದ. ಏಳು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು. ಗುರುವಿನ ಎದುರು ಕಣ್ಣೆತ್ತಬಾರದು ಎಂಬುದೂ ಅವನ ವಿನಯದ ಪಟ್ಟಿಯಲ್ಲಿತ್ತು.

ಸೌಟು ಅವನ ಕೈಯಲ್ಲೇ ನಿಂತಿತು.

ಅಜ್ಜಾರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೋಡ ಕವಿದ ಹಾಗೆ, ಬೆಳ್ಳಗೆ.

"ಅಜ್ಜಾರ, ನಿಮಗ ಕಣ್ಣು ಕಾಣೂದಿಲ್ಲೇನ್ರಿ?"

"ನೆರಳು ಕಾಣ್ತಾವ. ಮುಖ ಕಾಣೂದಿಲ್ಲ."

"ಎಷ್ಟು ದಿವಸ ಆತ್ರಿ?"

"ಎರಡು ವರ್ಷದ ಮ್ಯಾಲ ಆತು."

"ನನಗ ಯಾಕ ಹೇಳಲಿಲ್ರಿ?" ಗದಿಗೆಯ್ಯ ಸೌಟು ಕೆಳಗಿಟ್ಟ.

"ದಿನಾ ಕೇಳತಿದ್ದೆನಲ್ಲಪಾ" ಎಂದರು ಅಜ್ಜಾರು. "ಯಾರ್ಯಾರು ಉಂಡ್ರು ಅಂತ."

ಗದಿಗೆಯ್ಯ ಅಲ್ಲೇ ಕುಸಿದು ಕೂತ. ಚಿಕ್ಕ ಮಗುವಿನಂತೆ ಅತ್ತ. ಅಜ್ಜಾರು ತಡವರಿಸಿ ಅವನ ಬೆನ್ನು ಹುಡುಕಿ, ಅದರ ಮೇಲೆ ಕೈ ಇಟ್ಟರು.

"ಅಳೂದು ಆಮ್ಯಾಲ ಅಳು. ಸೌಟು ಎಲ್ಲೈತಿ? ಹೊಟ್ಟಿ ಚುರುಗುಟ್ಟತೈತಿ."

"ಕೈ ಅಡ್ಡ ಹಿಡದೀರಲ್ರಿ."

"ನೀ ನೋಡ್ತಿಯೋ ಇಲ್ಲೋ ಅಂತ ಹಿಡದೆ."

ಗದಿಗೆಯ್ಯ ಅಳುತ್ತಲೇ ನಕ್ಕ. ಎರಡು ಸೌಟು ಹಾಕಿದ. "ಹೊಳಿ ಇಳೀಲ್ರಿ. ಪಟ್ಟಣದ ಕಣ್ಣಿನ ಡಾಕ್ಟರ ಕಡೆ ಕರಕೊಂಡು ಹೋಗ್ತೀನಿ. ಪೊರಿ ತಗೀತಾರಂತ."

"ಹೋಗೂಣಂತ. ಅಲ್ಲೀ ತನಕ ನಿನ್ನ ಕಣ್ಣಾಗ ನೋಡ್ತೀನಿ."

ಮರುದಿನದ ಪಂಕ್ತಿ ಬಹಳ ಹೊತ್ತು ಹಿಡಿಯಿತು. ಸಾರು ಆರಿತು. "ಏನ್ರಿ ಅಯ್ಯನವರ, ಇವತ್ತು ಬಡಸ್ತೀರೋ, ಬೀಗತನ ಮಾತಾಡ್ತೀರೋ?" ಎಂದು ಯಾರೋ ಚೇಷ್ಟೆ ಮಾಡಿದರು. ಗದಿಗೆಯ್ಯ ಪ್ರತಿ ಎಲೆಯ ಮುಂದೆ ಬಗ್ಗಿ, ನೋಡಿ, ಬಡಿಸಿ ಮುಂದಕ್ಕೆ ನಡೆದ. ಗೌಡನಿಗೂ ಸಾಕಾಗುವಷ್ಟು, ದನ ಕಾಯುವವನಿಗೂ ಸಾಕಾಗುವಷ್ಟು.

ಎಲ್ಲರೂ ಎದ್ದ ಮೇಲೆ ಅಜ್ಜಾರು ತಮ್ಮ ಎಲೆಗೆ ಕೂತರು.

"ಇವತ್ತು ಯಾರ್ಯಾರು ಉಂಡ್ರು?"

ಗದಿಗೆಯ್ಯ ಎದುರಿಗೆ ಕೂತು ಹೇಳತೊಡಗಿದ. ಫಕೀರವ್ವ ಮೊದಲ ಸೌಟಿಗೇ ನಕ್ಕದ್ದು. ದುರಗಪ್ಪನ ಕಣ್ಣು ನಿದ್ದೆಯಿಲ್ಲದೆ ಕೆಂಪಗಿದ್ದದ್ದು, ಕೇಳಿದರೆ ಹೆಂಡತಿಗೆ ಜ್ವರ ಎಂದದ್ದು, ಅವಳಿಗೆಂದು ಗಡಿಗೆಯಲ್ಲಿ ಗಂಜಿ ಕಳಿಸಿದ್ದು. ಗೌಡನಿಗೆ ಇತ್ತೀಚೆಗೆ ಹಲ್ಲಿಲ್ಲ, ಕಷ್ಟಪಟ್ಟು ನುಂಗುತ್ತಾನೆ, ನಾಳೆ ಅವನಿಗೆ ಮೆತ್ತಗೆ ಬೇಯಿಸಬೇಕು. ಏಳು ವರ್ಷದಿಂದ ಬಾಗಿಲ ಬಳಿಯೇ ಕೂಡುವ ಮುದುಕನೊಬ್ಬನ ಒಂದು ಕಣ್ಣು ನೀಲಿ, ಒಂದು ಕಪ್ಪು. ಇಷ್ಟು ದಿನ ಅದು ತನಗೆ ಗೊತ್ತೇ ಇರಲಿಲ್ಲ ಎನ್ನುತ್ತ ಹಣೆ ಬಡಿದುಕೊಂಡ.

ಅಜ್ಜಾರು ಕೇಳುತ್ತ ಕೂತರು. ಕಣ್ಣು ಮುಚ್ಚಿದ್ದರು, ಒಬ್ಬೊಬ್ಬರನ್ನೂ ಕಂಡವರಂತೆ ತಲೆದೂಗಿದರು. ಎಲೆಯ ಮೇಲಿನ ನುಚ್ಚು ಆರುತ್ತಿತ್ತು.

ಕೊನೆಗೆ ಕೇಳಿದರು. "ಒಟ್ಟು ಎಷ್ಟು ಎಲಿ ಬಿದ್ದುವು?"

ಗದಿಗೆಯ್ಯ ನಾಲಿಗೆ ಕಚ್ಚಿಕೊಂಡ.

"ಎಣಸೂದು ಮರತ್ನಿರಿ ಅಜ್ಜಾರ."

ಅಜ್ಜಾರು ಮೊದಲ ತುತ್ತು ಎತ್ತಿದರು.

"ಹಂಗಾರ ಇವತ್ತು ಮಂದಿ ಉಂಡಾರ."